ದೊಡ್ಡವ್ವನ ರೆಕ್ಕೆಯೊಳಗಿನ ರೊಟ್ಟಿ

ಆ ರೊಟ್ಟಿಯ ತುಂಡನ್ನು ವಿಮಾನದ ರೆಕ್ಕೆಯೊಳಗೆ ಇಟ್ಟವಳು ನಾನು. ಗುಂಜಿಯ ಸುಂದರಾಬಾಯಿ ಅಲ್ಲ. ಇಷ್ಟನ್ನು ಹೇಳಲು ಒಂದು ಉಸಿರು ಸಾಕು. ನಾನು ಐದು ವರ್ಷ ತೆಗೆದುಕೊಂಡೆ.

ನನ್ನ ಹೆಸರು ನೀಲವ್ವ. ಬೆಳಗಾವಿಯಲ್ಲಿ ಸಾಲಿ ಮಾಸ್ತರರೊಬ್ಬರ ಹೆಂಡತಿ. ತವರು ಖಾನಾಪುರ ತಾಲ್ಲೂಕಿನ ಪಾರಿಶ್ವಾಡ. ದಿನವೂ ಮಿಂದು, ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸಿ, ಆಮೇಲೆಯೇ ಒಲೆಗೆ ಕಟ್ಟಿಗೆ ಇಡುವವಳು. ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಸಣ್ಣ ಸಣ್ಣ ಕರುಣೆಗಳನ್ನು ಎಣಿಸುವುದು ನನ್ನ ರೂಢಿ. ಇಂದು ಹಾಲು ಒಡೆಯಲಿಲ್ಲ. ಮಾಸ್ತರರ ಕೆಮ್ಮು ಕಡಿಮೆಯಾಯಿತು. ಬಾವಿಯ ಹಗ್ಗ ಇನ್ನೊಂದು ದಿನ ತಾಳಿತು. ಇವುಗಳ ಸಾಲಿನ ಕೊನೆಯಲ್ಲಿ ಐದು ವರ್ಷ ಇನ್ನೊಂದು ಬಂದು ನಿಲ್ಲುತ್ತಿತ್ತು — ಇಂದೂ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅದನ್ನೂ ಕರುಣೆಯೆಂದೇ ಎಣಿಸಿ ಕೈಮುಗಿದೆ. ಕೈಮುಗಿಯುವಾಗ ಅದು ಕರುಣೆಯಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ಮುಗಿದೆ.

ಮಹಾಯುದ್ಧ ಮುಗಿಯಿತೆಂದು ಊರೆಲ್ಲ ಸಕ್ಕರೆ ಹಂಚಿದ ಐದಾರು ವರ್ಷಕ್ಕೆ ಅದು ಮತ್ತೆ ಹೊತ್ತಿಕೊಂಡದ್ದನ್ನು ಯಾರು ಮರೆತಾರು! ಈ ಸಲ ಪಶ್ಚಿಮದ ಕಡಲಿಗೇ ಬಂತು. ಗೋವೆಯ ಬಂದರಿನ ಆಚೆ ಶತ್ರುವಿನ ಹಡಗುಗಳು ಕಂಡವೆಂದು ಸಂತೆಯಲ್ಲೆಲ್ಲ ಸುದ್ದಿ. ಆಗ ಬೆಳಗಾವಿಗೂ ಖಾನಾಪುರಕ್ಕೂ ನಡುವೆ, ದೇಸೂರ ಸ್ಟೇಶನ್ನಿನ ಬಾಜು, ಗದ್ದೆಗಳ ಒಡ್ಡು ಒಡೆದು ಸಪಾಟು ಮಾಡಿ ವಿಮಾನದ ಬಯಲು ಮಾಡಿದರು. ಅದರ ಅಂಚಿಗೆ ತಗಡಿನ ದೊಡ್ಡ ಶೆಡ್ಡು. ಆ ಶೆಡ್ಡಿನೊಳಗೆ ದೊಡ್ಡವ್ವ.

ಹೆಸರಿಟ್ಟವರು ನಾವು, ಹೊಲಿಗೆಯ ಹೆಂಗಸರು. ಶೆಡ್ಡು ನೋಡಿಕೊಳ್ಳುತ್ತಿದ್ದ ಬಿಳಿಯ ಸಾಹೇಬರ ಕಾಗದದಲ್ಲಿ ಅದಕ್ಕೆ ಬರೇ ಒಂದು ನಂಬರು. ದೇಸೂರಿನಲ್ಲಿ ಎದ್ದು, ಕಡಲು ದಾಟಿ, ಶತ್ರುವಿನ ಊರಿನ ಮೇಲೆ ಬಾಂಬು ಹಾಕಿ, ನಡುವೆ ಎಲ್ಲೂ ಕಾಲೂರದೆ ಮತ್ತೆ ದೇಸೂರಿಗೇ ಬರಬೇಕಾದ ವಿಮಾನ ಅದು. ನಾಲ್ಕು ಇಂಜಿನ್ನು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ನಡೆಯುವಷ್ಟರಲ್ಲಿ ಬಾಯೊಳಗಿನ ಎಲೆಅಡಿಕೆ ಮುಗಿಯುತ್ತಿತ್ತು. ಆದರೆ ಎಲುಬೆಲ್ಲ ಕಟ್ಟಿಗೆ, ಚರ್ಮವೆಲ್ಲ ಅರಿವೆ. ಆ ಅರಿವೆಯನ್ನು ಕಟ್ಟಿಗೆಯ ಎಲುಬಿಗೆ ಬಿಗಿದು ಹೊಲಿದು, ಮೇಲೆ ಅಂಟು ಬಳಿದರೆ ತಮಟೆಯ ಹಾಗೆ ಬಿಗಿಯುತ್ತಿತ್ತು. ಆ ಅಂಟಿಗೆ ಅತಿ ಹಣ್ಣಾದ ಬಾಳೆಯ ವಾಸನೆ. ಮನೆಗೆ ಹೋದರೂ ಸೆರಗಿನಿಂದ ಬಿಡುತ್ತಿರಲಿಲ್ಲ. ಇದಕ್ಕೆಲ್ಲ ಹೊಲಿಗೆಯ ಕೈ ಬೇಕು ಎಂದು ಡಂಗುರ ಹೊಡೆಸಿದರು. ಮಾಸ್ತರರು, "ಹೋಗಿ ಬಾ, ನಿನ್ನ ಕೈ ನಾಲ್ಕ ಮಂದಿಗೆ ಗೊತ್ತಾಗ್ಲಿ," ಎಂದರು. ನಾನು ಮುಂಜಾನೆ ಬೆಳಗಾವಿಯ ಗಾಡಿಯಲ್ಲಿ ಬರುತ್ತಿದ್ದೆ. ಸುಂದರಾಬಾಯಿ ಗುಂಜಿಯಿಂದ ಎದುರು ದಿಕ್ಕಿನ ಗಾಡಿಯಲ್ಲಿ ಬರುತ್ತಿದ್ದಳು. 

ರೆಕ್ಕೆ ಹೊಲಿಯುವುದು ಒಬ್ಬರ ಕೆಲಸವಲ್ಲ. ಗೋಡೆಯ ಹಾಗೆ ರೆಕ್ಕೆಯನ್ನು ನಿಲ್ಲಿಸಿ, ಈ ಬದಿಗೊಬ್ಬಳು, ಆ ಬದಿಗೊಬ್ಬಳು ಕೂರಬೇಕು. ಗೇಣುದ್ದದ ಸೂಜಿ. ನಾನು ಈ ಕಡೆಯಿಂದ ಚುಚ್ಚಿ ದೂಡಿದರೆ ಆಕೆ ಆ ಕಡೆಯಿಂದ ಎಳೆದು, ಗಂಟು ಹಾಕಿ, ಮತ್ತೆ ನನ್ನ ಕಡೆಗೆ ದೂಡಬೇಕು. ದಾರಕ್ಕೆ ಜೇನುಮೇಣ ತಿಕ್ಕಿರುತ್ತಿತ್ತು. ಐದು ತಿಂಗಳು ನನ್ನ ಸೂಜಿಯ ಆಚೆ ತುದಿ ಸುಂದರಾಬಾಯಿ. ಮುಖ ಕಾಣದು, ಮಾತು ಮಾತ್ರ ಕೇಳುವುದು.

"ಅಗ ನೀಲವ್ವಾ, ಈ ದೊಡ್ಡವ್ವಗ ಎಷ್ಟ ವಾರದ ಸೀರಿ ಬೇಕಗ? ನಮ್ಮ ಗುಂಜಿಗೆ ಗುಂಜೀನs ಉಡಬಹುದು!"

"ಉಡಿಸಿದ್ಮ್ಯಾಲೆ ಕುಂಕುಮಾನೂ ಹಚ್ಚೂಣು ತಡಿ."

"ಹಚ್ಚವಾ. ಸಾಹೇಬಗೂ ಒಂದ ಬೊಟ್ಟ ಹಚ್ಚು, ಮಾರಿ ಬರೇ ಬೋಳ ಕಾಣತೈತಿ."

ಆಕೆ ವಿಧವೆ. ಗೋದೂ ಎಂಬ ಒಬ್ಬಳೇ ಮಗಳು. ಆಕೆಯ ತಮ್ಮನೊಬ್ಬ ಗೋವೆಯ ಕಡೆಯ ರೈಲಿನಲ್ಲಿ ಕೆಲಸಕ್ಕಿದ್ದ. ತಾನು ಹಚ್ಚಿಕೊಳ್ಳುವಂತಿಲ್ಲದ ಕುಂಕುಮದ ಮೇಲೂ ನಗೆಯಾಡುವ ಹೆಂಗಸು. ಅವಳ ಮರಾಠಿಗನ್ನಡಕ್ಕೆ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು.

ಈಗ ಒಂದು ಮಾತನ್ನು ಬಿಚ್ಚಿ ಹೇಳಲೇಬೇಕು. ಮಧ್ಯಾಹ್ನ ಊಟದ ಗಂಟೆ ಹೊಡೆದರೆ ಎಲ್ಲರೂ ಶೆಡ್ಡಿನ ಹೊರಗಿನ ಪಡಸಾಲೆಗೆ ಹೋಗಬೇಕು. ಒಳಗೆ ತಿನ್ನುವ ಪದಾರ್ಥ ತರಬಾರದು, ಇಲಿ ಬರುತ್ತವೆ — ಇದು ಸಾಹೇಬರ ಕಟ್ಟಪ್ಪಣೆ. ಪಡಸಾಲೆ ಇದ್ದದ್ದು ಒಂದೇ. ಹೊಲಿಗೆಯವರಲ್ಲಿ ನಾವು ಲಿಂಗ ಕಟ್ಟಿಕೊಂಡವರೇ ಹೆಚ್ಚು. ಕಟ್ಟಿಕೊಳ್ಳದವರ ಕಣ್ಣೆದುರು ಉಣ್ಣಬಾರದು ಎಂಬುದು ನಮ್ಮ ಹಿರಿಯರು ಹಾಕಿಕೊಟ್ಟ ನೇಮ. ಮೊದಲನೆಯ ದಿನ ಸುಂದರಾಬಾಯಿ ತನ್ನ ಗಂಟು ಬಿಚ್ಚಿ ನಮ್ಮ ಮಗ್ಗುಲಲ್ಲಿ ಕುಳಿತಳು. ನಾವೆಲ್ಲ ನಮ್ಮ ಗಂಟುಗಳನ್ನು ಮತ್ತೆ ಕಟ್ಟಿದೆವು. ಮೊದಲು ಕಟ್ಟಿದವಳು ನಾನು. ಆಕೆ ನಮ್ಮನ್ನೆಲ್ಲ ಒಮ್ಮೆ ನೋಡಿದಳು. "ಉಣ್ರಿ, ಉಣ್ರಿ. ನಾ ದೊಡ್ಡವ್ವನ ಕಡೆ ಹೋಗ್ತೇನಿ. ಆಕಿಗೆ ಯಾವ ಜಾತೀನೂ ಇಲ್ಲ," ಎಂದು ನಗುತ್ತ ಎದ್ದು ಒಳಗೆ ಹೋದಳು. ಹೊರಗೆ ಬಿಸಿಲು, ಬೇರೆ ನೆರಳಿಲ್ಲ. ಅಂದಿನಿಂದ ಶೆಡ್ಡಿನೊಳಗೇ, ರೆಕ್ಕೆಯ ಮರೆಯಲ್ಲಿ, ಭಾಕರಿ ಎಂದು ಅವಳು ಕರೆಯುವ ಅಕ್ಕಿಹಿಟ್ಟಿನ ರೊಟ್ಟಿ ತಿಂದು, ಬಿದ್ದ ಒಂದೊಂದು ಕಣವನ್ನೂ ಸೆರಗಿನಲ್ಲಿ ಹೆಕ್ಕಿಕೊಂಡು ಬರುವಳು. ಎರಡು ಸಲ ಸಾಹೇಬರ ಕಣ್ಣಿಗೆ ಬಿದ್ದು ಬೈಸಿಕೊಂಡಳು. ಆಗಲೂ ಯಾಕೆ ಒಳಗೆ ಉಣ್ಣುತ್ತೇನೆ ಎಂದು ಬಾಯಿ ಬಿಡಲಿಲ್ಲ.

ದಿನವೆಲ್ಲ ಒಂದೇ ದಾರ ನಮ್ಮಿಬ್ಬರ ಕೈಯಲ್ಲಿ. ಒಂದೇ ನೆರಳು ಮಾತ್ರ ಆಗಲಿಲ್ಲ. ಶರಣರ ಹೆಸರು ಹೇಳಿ ದಿನ ಆರಂಭಿಸುವವಳು ನಾನು — ಅವರು ಹೇಳಿದ್ದೇನು, ನಾನು ಮಾಡಿದ್ದೇನು...

ಇನ್ನು ರೊಟ್ಟಿಯ ಮಾತು. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವಾಗ ಪಾರಿಶ್ವಾಡದಲ್ಲಿ ನನ್ನ ಅಜ್ಜಿ ಕೊನೆಯ ಮೂಲೆ ಮುಚ್ಚುವ ಮುಂಚೆ ಹೆಬ್ಬೆರಳಿನಷ್ಟು ರೊಟ್ಟಿ ಒಳಗಿಡುವಳು. "ಕೌದಿ ಹಸದ ಇರಬಾರದ ಮಗಳ. ಹಸದ ಕೌದಿ ಹೊದ್ದವರನ್ನ ಬೆಚ್ಚಗ ಇಡೂದಿಲ್ಲ," ಎನ್ನುವಳು. ನಾನು ಹೊಲಿದ ಕೌದಿ ಒಂದೂ ಹಸಿದು ಮನೆ ಬಿಟ್ಟಿಲ್ಲ. ಮನೆಯ ಕೌದಿಯನ್ನು ದಿನವೂ ಹೊದೆಯುತ್ತೇವೆ, ಕೊಡವುತ್ತೇವೆ, ಬಿಸಿಲಿಗೆ ಹಾಕುತ್ತೇವೆ. ಇಲಿಗೆ ಪುರುಸೊತ್ತೇ ಸಿಗುವುದಿಲ್ಲ. ರೆಕ್ಕೆ ಕೌದಿಯಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಟ್ಟಪ್ಪಣೆಯೂ ಕಿವಿಗೆ ಬಿದ್ದಿತ್ತು. ಆದರೂ ಎಡರೆಕ್ಕೆಯ ಕೊನೆಯ ಮೂಲೆಗೆ ಬಂದಾಗ ಕೈ ಮುಂದೆ ಹೋಗಲಿಲ್ಲ. ಅಷ್ಟು ದೊಡ್ಡ ಹೊಟ್ಟೆ, ಅಷ್ಟು ದೂರದ ದಾರಿ — ಬರಿಹೊಟ್ಟೆಯಲ್ಲಿ ಕಳಿಸುವುದು ಹೇಗೆ? ಉಡಿಯಲ್ಲಿದ್ದ ಜೋಳದ ರೊಟ್ಟಿಯ ಚೂರಿಗೆ ಒಂದಿಷ್ಟು ಬೆಲ್ಲ ಹಚ್ಚಿ, ವಿಭೂತಿ ಮುಟ್ಟಿಸಿ, ಮೂಲೆಯೊಳಗೆ ಇಟ್ಟೆ.

ಆಚೆಯಿಂದ ಸುಂದರಾಬಾಯಿಯ ದನಿ: "ಕಾಯ್ ಗ, ಸೂಜಿ ಎಲ್ಲಿ ನಿಂತತಿ?"

"ದೊಡ್ಡವ್ವಗ ತುತ್ತ ಕೊಡಾಕತ್ತೇನಿ."

"ಕೊಡವಾ, ಕೊಡು. ದೂರದ ಹಾದಿ," ಎಂದಳು. ನಾನು ಮೂಲೆ ಮುಚ್ಚಿ ಸೂಜಿ ದೂಡಿದೆ. ಆಕೆ ಕೊನೆಯ ಗಂಟು ಹಾಕಿದಳು.

ನಾನು ಯಾರಿಗೆ ತುತ್ತು ಕೊಟ್ಟೆ ಎಂದು ಈಗ ಯೋಚಿಸುತ್ತೇನೆ. ಅದರ ಹೊಟ್ಟೆಯಲ್ಲಿ ಹೋಗುತ್ತಿದ್ದದ್ದು ಬಾಂಬು. ಕಡಲಾಚೆಯ ಆ ಊರಿನಲ್ಲೂ ಮುಂಜಾನೆ ಒಲೆ ಹೊತ್ತಿಸುವ ಹೆಂಗಸರಿದ್ದರು. ಆ ಯೋಚನೆ ಅಂದು ನನ್ನ ಹತ್ತಿರ ಸುಳಿಯಲಿಲ್ಲ. ದೊಡ್ಡವ್ವ ಸುಖವಾಗಿ ಹೋಗಿ ಬರಲಿ ಎಂದಷ್ಟೇ ಬೇಡಿಕೊಂಡೆ.

ಹೊಲಿದ ರೆಕ್ಕೆ ಅಂಟು ಬಳಿಸಿಕೊಂಡು ಶೆಡ್ಡಿನ ಗೋಡೆಗೆ ಒರಗಿ ಬಹಳ ದಿನ ಅಲುಗದೆ ನಿಂತಿತ್ತು. ಮುಂದೆ ಅದನ್ನು ದೊಡ್ಡವ್ವನ ಮೈಗೆ ಕೂಡಿಸಿದರು. ಹಾರುವ ದಿನ ಮುಂಜಾನೆ ನಾವೆಲ್ಲ ಬೇಲಿಯ ಉದ್ದಕ್ಕೂ ನಿಂತೆವು. ನಾಲ್ಕು ಇಂಜಿನ್ನಿನ ಗುಡುಗಿಗೆ ಕಾಲಡಿಯ ನೆಲ ನಡುಗಿತು. ದೊಡ್ಡವ್ವ ಎದ್ದಳು! ನಾನು ಅತ್ತೆ. ನನ್ನ ಪಕ್ಕದಲ್ಲಿ ಸುಂದರಾಬಾಯಿಯೂ ಅತ್ತಳು. "ನಮ್ಮ ಗಂಟ ನೋಡಗ, ಮೋಡದಾಗ ಹೊಂಟಾವು," ಎಂದು ನನ್ನ ಕೈ ಹಿಡಿದಳು. ಖಾನಾಪುರದ ಅಡವಿಯ ಕಡೆ ತಿರುಗಿ ಅದು ಚಿಕ್ಕದಾಗುತ್ತ ಹೋಯಿತು.

ಹೊತ್ತು ಇನ್ನೂ ಏರುತ್ತಿರುವಾಗಲೇ ವಾಪಸು ಬಂತು. ಎಡರೆಕ್ಕೆಯ ತುದಿಯ ಅರಿವೆ ಸೆರಗಿನ ಹಾಗೆ ಹಾರಾಡುತ್ತಿತ್ತು. ಭಾರ ಇಳಿಸಲು ಬಾಂಬುಗಳನ್ನು ಗುಂಜಿಯ ಆಚೆಯ ಅಡವಿಯಲ್ಲಿ ಚೆಲ್ಲಿ ಬಂದಿದ್ದರು. ಬಯಲು ಮುಟ್ಟಲಾಗದೆ ದೇಸೂರಿನ ಗದ್ದೆಯಲ್ಲಿ ಬಿದ್ದು ರೆಕ್ಕೆ ಮುರಿಯಿತು. ಒಳಗಿದ್ದವರೆಲ್ಲ ಜೀವಸಹಿತ ಹೊರಬಂದರು. ಒಬ್ಬನಿಗೆ ಭುಜದ ಎಲುಬು ಮುರಿದಿತ್ತು. ಅಡವಿಯಲ್ಲಿ ಮರಗಳಷ್ಟೇ ಸುಟ್ಟವು. ಸುಂದರಾಬಾಯಿಯ ಗೋದೂ ಅದೇ ಅಡವಿಯ ಅಂಚಿಗೆ ಸೀಗೆಕಾಯಿ ಆಯಲು ಹೋಗಿದ್ದವಳು ಕಿವಿ ಗುಂಯ್ಗುಡುತ್ತ ಮನೆಗೆ ಓಡಿ ಬಂದಳಂತೆ. ಇವೆಲ್ಲ ಕರುಣೆಗಳೇ. ಖರೇ ಕರುಣೆಗಳು. ಕಡಲಾಚೆಯ ಊರಿಗೂ ಅಂದು ಏನೂ ಆಗಲಿಲ್ಲ. ಆದರೆ ಅದನ್ನು ನನ್ನ ಪುಣ್ಯ ಎನ್ನಲಾರೆ. ನಾನು ಬಯಸಿದ್ದು ಅದನ್ನಲ್ಲ.

ಮುರಿದ ರೆಕ್ಕೆಯ ಮೂಲೆ ಬಿಚ್ಚಿದಾಗ ಒಳಗೆ ಇಲಿಯ ಗೂಡು. ಕಣ್ಣು ಬಿಡದ ನಾಲ್ಕು ಮರಿ. ರೆಕ್ಕೆ ಮೈಗೆ ಕೂಡುವ ಕೀಲಿನ ಸಂದಿಯಿಂದ ಇಲಿ ಒಳಹೊಕ್ಕು, ರೊಟ್ಟಿ ತಿಂದು, ರುಚಿ ಹತ್ತಿ ಮೇಣದ ದಾರವನ್ನೂ ಒಳಗಿನಿಂದ ಕಡಿದಿತ್ತು. ಹೊರಗೆ ಅಂಟು ಬಳಿದಿದ್ದರಿಂದ ಯಾರಿಗೂ ಕಂಡಿರಲಿಲ್ಲ. ಸಾಹೇಬರು ಗೂಡಿನಿಂದ ಹೆಕ್ಕಿದ ಕಣಗಳನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಅವು ಜೋಳದ ಕಣ ಎಂದು ದೂರದಿಂದಲೇ ನನಗೆ ತಿಳಿಯಿತು. ಸಾಹೇಬರಿಗೆ ಜೋಳ ಯಾವುದು, ಅಕ್ಕಿ ಯಾವುದು! ಅವರಿಗೆ ನಾಲ್ಕು ಮಾತು ಮುರುಕು ಮರಾಠಿ ಬರುತ್ತಿತ್ತು. ಹೊಲಿಗೆಯಲ್ಲಿ ನನ್ನ ಕೈ ಮೇಲೆಂದು ನನ್ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಿದ್ದರು. ಅಂದೂ ನನ್ನನ್ನೇ ಕೇಳಿದರು — "ಆತ ಕೋಣ್ ಜೇವ್ತೇ?" ಒಳಗೆ ಯಾರು ಉಣ್ಣುತ್ತಾರೆ?

"ಸುಂದರಾಬಾಯಿ ಜೇವ್ತೇ," ಎಂದೆ.

ಎರಡೇ ಮಾತು. ಸುಂದರಾಬಾಯಿ ಉಣ್ಣುತ್ತಾಳೆ. ಎರಡೂ ಖರೇ. ನಾನು ಸುಳ್ಳು ಹೇಳಲಿಲ್ಲ — ಐದು ವರ್ಷ ಇದೇ ಮಾತಿನ ಮೇಲೆ ತಲೆಯಿಟ್ಟು ಮಲಗಿದೆ. ಖರೇ ಮಾತಿನಿಂದ ಸುಳ್ಳು ಹೇಳಬಹುದು. ನಾನು ಹೇಳಿದೆ.

ಆಕೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. "ನೀಲವ್ವಾ, ನಾ ಯಾಕ ಒಳಗ ಉಣ್ತೇನಿ ಅನ್ನೂದನ್ನೂ ಹೇಳಗ," ಎಂದಳು. ನಾನು ಹೇಳಲಿಲ್ಲ. ಸಾಲಿನಲ್ಲಿದ್ದ ಇನ್ನಾರೂ ಹೇಳಲಿಲ್ಲ. ಆದರೆ ಅವರ ಮಾತು ಅವರಿಗೆ, ನನ್ನದು ನನಗೆ.

ಆಕೆಯ ತಮ್ಮ ಶತ್ರುವಿನ ಹಡಗು ಕಂಡ ಗೋವೆಯ ಕಡೆಯೇ ಇದ್ದಾನೆ ಎಂಬುದು ಹೊರಬಿದ್ದ ಮೇಲೆ ಇಲಿಯ ಮಾತು ಹಿಂದಾಯಿತು. ಶತ್ರುವಿನ ಹೇಳಿಕೆಯಂತೆ ಬೇಕೆಂದೇ ಇಟ್ಟಳು ಎಂದರು. ಹನ್ನೊಂದು ದಿನ ಖಾನಾಪುರದ ಪೊಲೀಸ್ ಚಾವಡಿಯಲ್ಲಿ ಕೂರಿಸಿ ಕೇಳಿದರು. ಸ್ವಂತ ಮಗಳು ಓಡಾಡುವ ಅಡವಿಯ ಮೇಲೆ ಯಾವ ತಾಯಿ ಬಾಂಬು ಬೀಳಿಸಿಯಾಳು ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಆ ಹನ್ನೊಂದು ದಿನವೂ ನನ್ನ ಗಾಡಿ ದೇಸೂರಿನಲ್ಲಿ ನಿಂತಾಗ ಒಂದು ಯೋಚನೆ ಬರುತ್ತಿತ್ತು. ಖಾನಾಪುರ ಇಲ್ಲೇ ಮುಂದೆ. ಇಳಿಯದೆ ಕೂತರೆ ಸಾಕು, ಗಾಡಿ ತಾನಾಗಿ ನನ್ನನ್ನು ಅಲ್ಲಿಗೆ ಮುಟ್ಟಿಸುತ್ತದೆ. ದಿನವೂ ಇಳಿದೆ.

ಏನೂ ಸಾಬೀತಾಗದೆ ಬಿಟ್ಟರು. ಕೆಲಸ ಹೋಯಿತು. ಗುಂಜಿಯಲ್ಲಿ ಆಕೆಗೆ "ಇಮಾನ ಕೆಡವಿದಾಕಿ" ಎಂಬ ಹೆಸರು ನಿಂತಿತು. ಗೋದೂಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ದೊಡ್ಡವ್ವನನ್ನು ಮತ್ತೆ ಕಟ್ಟುವಷ್ಟರಲ್ಲಿ ಯುದ್ಧ ಮುಗಿಯಿತು. ಈಗ ಆ ಶೆಡ್ಡಿನಲ್ಲಿ ಹುಲ್ಲಿನ ಬಣವೆ.

ನಾನು ಯಾಕೆ ಸುಮ್ಮನಿದ್ದೆ? ಹೆದರಿಕೆ ಇತ್ತು, ಅದು ಎಲ್ಲರಿಗೂ ಇರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. "ನೀಲವ್ವನ ಕೈ ಅಂದ್ರ ನೀಲವ್ವನ ಕೈ" ಎಂಬ ಹೊಗಳಿಕೆ ನನಗೆ ರುಚಿಸಿತ್ತು. ಇಲಿಗೆ ಮೇಣ ರುಚಿಸಿದ ಹಾಗೆ. ಜೊತೆಗೆ, ವಿಭೂತಿ ಮುಟ್ಟಿಸಿ ಇಟ್ಟದ್ದರಿಂದ ತಪ್ಪು ಹೇಗಾದೀತು ಎಂದು ದೇವರನ್ನೇ ಮರೆ ಮಾಡಿಕೊಂಡೆ. ಆ ಮರೆ ಈಗ ಬೇಡ.

ಹೋದ ಸೋಮವಾರ ಬೆಳಗಾವಿಯದೇ ಒಬ್ಬ ಹಿರಿಯ ಹೆಂಗಸು ನಮ್ಮ ಮನೆಗೆ ಬಂದರು. ಅವರ ಅಣ್ಣನ ಮಗನಿಗೆ ಗುಂಜಿಯ ಗೋದೂಳನ್ನು ನೋಡಿದ್ದಾರೆ. ಹುಡುಗಿ ಮನಸ್ಸಿಗೆ ಬಂದಿದ್ದಾಳೆ. ತಾಯಿಯ ಮೇಲಿನ ಮಾತು ಕೇಳಿ ಹಿಂದೆಮುಂದೆ ನೋಡುತ್ತಿದ್ದಾರೆ. ಚಹಾ ಕೊಟ್ಟೆ. ನಮ್ಮ ಮಾಸ್ತರರೂ ಅಲ್ಲೇ ಕುಳಿತಿದ್ದರು.

"ನೀವು ಆಕಿ ಜೋಡಿ ಕೆಲಸ ಮಾಡಿದವರಂತ. ಹೆಂಗ್ರಿ ಹೆಂಗಸು?"

"ಬಂಗಾರದಂಥಾಕಿರಿ."

"ಹಂಗ ಎಲ್ಲಾರೂ ಅಂತಾರ್ರಿ. ಮತ್ತ ಆ ಭಾಕರಿ ಯಾರ ಇಟ್ರು? ಆಕಿನ್ನs ಕೇಳಿದ್ರ, 'ಇಟ್ಟವರಿಗೆ ಬಾಯಿ ಐತಿ, ಅವರs ಹೇಳ್ಲಿ,' ಅಂತಾಳ."

ಅಂದರೆ ಆಕೆಗೆ ಗೊತ್ತಿತ್ತು. ತುತ್ತು ಕೊಡುತ್ತಿದ್ದೇನೆ ಎಂದಾಗ ರೆಕ್ಕೆಯ ಆಚೆ ಕುಳಿತಿದ್ದವಳು ಆಕೆಯೇ ತಾನೆ. ನಾನು ನಗೆಯಾಡಿದೆನೆಂದು ತಿಳಿದು ಮರೆತಿದ್ದಾಳು ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಹನ್ನೊಂದು ದಿನ ಚಾವಡಿಯಲ್ಲಿ, ಐದು ವರ್ಷ ಊರಿನಲ್ಲಿ, ಗೊತ್ತಿದ್ದೂ ಆಕೆ ನನ್ನ ಹೆಸರೆತ್ತಲಿಲ್ಲ. ನನ್ನ ಬಾಯಿಂದಲೇ ಬರಲಿ ಎಂದು ಕಾದಳು.

"ನಾನs ಇಟ್ಟಿದ್ದೆ," ಎಂದೆ.

"ಚೇಷ್ಟಿ ಮಾಡಬ್ಯಾಡ್ರಿ ನೀಲವ್ವಾರ."

"ಚೇಷ್ಟಿ ಅಲ್ರಿ." ಎಲ್ಲವನ್ನೂ ಹೇಳಿದೆ. ಕೌದಿ, ಮೂಲೆ, ಪಡಸಾಲೆ, ಆ ಎರಡು ಮಾತು. ಅವರ ಚಹಾ ಆರಿತು. ಎದ್ದು ಹೊಸ್ತಿಲ ತನಕ ಹೋಗಿ ತಿರುಗಿದರು. "ಐದ ವರ್ಷ ಬಾಯಾಗ ಏನ ಇಟ್ಕೊಂಡಿದ್ರಿ?" ಎಂದರು. ಕೇಳಬೇಕಾದ ಮಾತೇ.

ಮಾಸ್ತರರು ತಮ್ಮ ಟೊಪ್ಪಿಗೆಯನ್ನು ತೆಗೆದು ಪಕ್ಕಕ್ಕಿಟ್ಟರು. ಅವರಿಗೂ ನಾನು ಹೇಳಿರಲಿಲ್ಲ. "ಗುಂಜಿಗೆ ಮುಂಜಾನಿ ಗಾಡಿ ಐತಿ. ನಾನೂ ಬರ್ಲೇನು?" ಎಂದರು.

"ಬ್ಯಾಡ್ರಿ. ನನ್ನ ಮಾತು ನಾನs ಆಡ್ತೇನಿ."

ಚಾವಡಿಗೆ ಕೊಡಬೇಕಾದ ಅರ್ಜಿಯನ್ನು ಅವರು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಕೆಳಗೆ ನನ್ನ ಹೆಸರನ್ನು ನಾನೇ ಬರೆದೆ. ಮುಂದೆ ಅವರು ಕರೆಸಿದರೆ ಹೋಗುತ್ತೇನೆ. ಗೋದೂಳ ಸಂಬಂಧ ಇದರಿಂದ ಕೂಡುತ್ತದೋ ಇಲ್ಲವೋ ಗೊತ್ತಿಲ್ಲ. ಕೂಡಿದರೂ ಹೋದ ಐದು ವರ್ಷ ಮರಳುವುದಿಲ್ಲ. ಈ ಬರಹ ಯಾರ ಕೈ ಸೇರುತ್ತದೋ ಅವರು ಅದನ್ನು ಗಟ್ಟಿಯಾಗಿ ಓದಲಿ. ಚಾವಡಿಗೆ ಹೋಗದ ಕಿವಿಗಳೂ ಊರಿನಲ್ಲಿ ಬಹಳ ಇವೆ.

ಸುಂದರಾಬಾಯಿಗೆಂದು ಒಂದು ಕೌದಿ ಹೊಲಿಯತೊಡಗಿದ್ದೆ. ಅರ್ಧಕ್ಕೇ ನಿಲ್ಲಿಸಿದೆ. ಕೈಯಲ್ಲಿ ಕೌದಿ ಹಿಡಿದು ಹೋದರೆ ಆಕೆ ಬೈಯಬೇಕೆಂದರೂ ಬೈಯಲಾರಳು. ಅವಳಿಗೆ ಆ ಕಟ್ಟು ಹಾಕುವುದು ಇನ್ನೊಂದು ತಪ್ಪಾದೀತು. 

ನಾಳೆ ಮುಂಜಾನೆಯ ಗಾಡಿಗೆ ಹೊರಡುತ್ತೇನೆ. ದೇಸೂರಿನಲ್ಲಿ ಇಳಿಯುವುದಿಲ್ಲ. ಖಾನಾಪುರದಲ್ಲಿ ಇಳಿದು ಅರ್ಜಿ ಕೊಟ್ಟು, ಮುಂದಿನ ಗಾಡಿಗೆ ಗುಂಜಿ. ರೊಟ್ಟಿಯ ಗಂಟು ಕಟ್ಟಿಕೊಂಡಿಲ್ಲ. ಆಕೆ ತಾಟು ಇಟ್ಟರೆ ಆಕೆಯ ಎದುರಿಗೇ ಕುಳಿತು ಉಣ್ಣುತ್ತೇನೆ. ಅಂಗಳದಿಂದಲೇ ಅಟ್ಟಿದರೆ ಹಸಿದೇ ಮರಳುತ್ತೇನೆ. ಅದಕ್ಕೂ ಮೊದಲು, ಓಣಿಯವರೆಲ್ಲ ಕೇಳುವ ಹಾಗೆ, ಆ ದಿನ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಅದೇ ಮರಾಠಿಯಲ್ಲಿ ಪೂರಾ ಮಾಡುತ್ತೇನೆ — ಸುಂದರಾಬಾಯಿ ಒಳಗೆ ಉಣ್ಣುತ್ತಿದ್ದಳು, ನಾವು ಹೊರಗೆ ಕೂರಗೊಡಲಿಲ್ಲ ಎಂದು. ರೊಟ್ಟಿ ಇಟ್ಟವಳು ನೀಲವ್ವ.